ನೆಟ್‌ನಲ್ಲಿ ಸಿಕ್ಕಿದ್ದೆಲ್ಲ ನಿಜವಾ? ಮಕ್ಕಳಿಗೆ ಪರೀಕ್ಷಿಸಲು ಕಲಿಸುವುದು ಹೀಗೆ

ಪ್ರಾಜೆಕ್ಟ್ ಕೊಟ್ಟರೆ ಮಕ್ಕಳು ಗೂಗಲ್‌ನಲ್ಲಿ ಮೊದಲು ಕಂಡಿದ್ದನ್ನೇ ಬರೆದುಕೊಂಡು ಬರುತ್ತಾರೆ. ‘ವಿಕಿಪೀಡಿಯ ನೋಡಬೇಡಿ’ ಎಂದು ಗದರಿ ಪ್ರಯೋಜನವಿಲ್ಲ, ಅವರು ನೋಡೇ ನೋಡುತ್ತಾರೆ. ಹೇಗೆ ನೋಡಬೇಕು ಅಂತ ಹೇಳಿಕೊಡುವುದೇ ವಾಸಿ. ಎಂಟು, ಒಂಬತ್ತನೇ ತರಗತಿಗಾದರೆ ಎರಡು ಪೀರಿಯಡ್ ಸಾಕು.

ಮೊದಲು, ಜಗಳ ಹುಟ್ಟುವಂಥ ಪ್ರಶ್ನೆ ಆರಿಸಿ. ಉದಾಹರಣೆಗೆ, ಭಾರತದ ಅತಿ ಎತ್ತರದ ಜಲಪಾತ ಯಾವುದು? ಜೋಗ ಅಂತ ಅರ್ಧ ತರಗತಿ ಕೂಗುತ್ತದೆ. ಅದರ ಎತ್ತರ 253 ಮೀಟರ್. ಹುಡುಕಲು ಬಿಟ್ಟರೆ, ಶಿವಮೊಗ್ಗ ಜಿಲ್ಲೆಯದೇ ಆದ ಕುಂಚಿಕಲ್ ಜಲಪಾತ, 455 ಮೀಟರ್ ಎನ್ನುವ ಪುಟಗಳು ಬೇಕಾದಷ್ಟು ಸಿಗುತ್ತವೆ. ಮೇಘಾಲಯದ ನೊಹ್‌ಕಾಲಿಕಾಯ್, 340 ಮೀಟರ್ ಎನ್ನುವವೂ ಇವೆ. ಮೂರನ್ನೂ ಬೋರ್ಡಿನ ಮೇಲೆ ಬರೆಯಿರಿ. ಯಾವುದು ಸರಿ ಅಂತ ಮಾತ್ರ ನೀವು ಬಾಯಿ ಬಿಡಬೇಡಿ.

ಎರಡನೆಯದು, ಪುಟ ಬಿಟ್ಟು ಹೊರಗೆ ಬರುವ ಅಭ್ಯಾಸ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇತಿಹಾಸ ಪ್ರಾಧ್ಯಾಪಕರು, ವಿದ್ಯಾರ್ಥಿಗಳು, ಫ್ಯಾಕ್ಟ್ ಚೆಕರ್‌ಗಳು (ಸುದ್ದಿಯ ನಿಜ ಸುಳ್ಳು ಪರೀಕ್ಷಿಸುವುದೇ ಇವರ ಕೆಲಸ), ಈ ಮೂರೂ ಗುಂಪಿಗೆ ಒಂದೇ ವೆಬ್‌ಸೈಟ್‌ಗಳನ್ನು ತೋರಿಸಿದ್ದರು. ಪ್ರಾಧ್ಯಾಪಕರೂ ಎಷ್ಟೋ ಸಲ ಚೆಂದದ ಲೋಗೊ, ವೆಬ್ ವಿಳಾಸ ನೋಡಿ ಮೋಸ ಹೋದರು. ಫ್ಯಾಕ್ಟ್ ಚೆಕರ್‌ಗಳು ಪುಟವನ್ನು ಪೂರ್ತಿ ಓದುತ್ತಾ ಕೂರಲೇ ಇಲ್ಲ. ಹೊಸ ಟ್ಯಾಬ್ ತೆರೆದು, ಈ ಸೈಟ್ ನಡೆಸುವವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ಹುಡುಕಿದರು. ಮಕ್ಕಳೂ ಇದನ್ನೇ ಮಾಡಲಿ.

ಮೂರನೆಯದು, ಮಾಹಿತಿಯ ಮೂಲ ಹುಡುಕುವುದು. ಇದಕ್ಕೆ ಜಾಸ್ತಿ ಸಮಯ ಕೊಡಿ. ‘ಹತ್ತು ಕಡೆ ಹಾಗೇ ಇದೆ ಸಾರ್’ ಎಂದು ಮಕ್ಕಳು ವಾದ ಮಾಡುತ್ತಾರೆ. ಹತ್ತು ಕೊಡ ಇದ್ದರೂ ನೀರು ಒಂದೇ ಬಾವಿಯದಾಗಿರಬಹುದು, ಅಲ್ವಾ? 2008ರಲ್ಲಿ ಅಮೆರಿಕದ ಹುಡುಗನೊಬ್ಬ ಕೋಆಟಿ ಎಂಬ ಪ್ರಾಣಿಗೆ ‘ಬ್ರೆಜಿಲಿಯನ್ ಆರ್ಡ್‌ವಾರ್ಕ್’ ಎಂಬ ಹೆಸರೂ ಇದೆ ಎಂದು ತಮಾಷೆಗೆ ವಿಕಿಪೀಡಿಯದಲ್ಲಿ ಸೇರಿಸಿದ. ಬ್ರಿಟನ್ನಿನ ಪತ್ರಿಕೆಗಳು ಆ ಹೆಸರನ್ನು ಬಳಸಿದವು. ಕೊನೆಗೆ ಅಂಥ ಒಂದು ಪತ್ರಿಕೆಯ ಬರಹವೇ ವಿಕಿಪೀಡಿಯದಲ್ಲಿ ಅದೇ ಹೆಸರಿಗೆ ಆಧಾರವಾಗಿ ಬಂದು ಕೂತಿತು! ಈ ಕಥೆ ಹೇಳಿ, ಮಕ್ಕಳು ಮರೆಯುವುದಿಲ್ಲ.

ಆಮೇಲೆ 455 ಎನ್ನುವ ನಾಲ್ಕೈದು ಪುಟ ಕೊಟ್ಟು, ಅಂಕಿ ಎಲ್ಲಿಂದ ಬಂತು ಅಂತ ಹುಡುಕಿಸಿ. ವಿಕಿಪೀಡಿಯದಲ್ಲಾದರೆ ವಾಕ್ಯದ ತುದಿಯ ಸಣ್ಣ ಅಂಕಿ ಒತ್ತಬೇಕು. ಕೆಳಗಿನ ಲಿಂಕ್ ತೆರೆಯುತ್ತದಾ? ತೆರೆದರೆ ಆ ಅಂಕಿ ಅಲ್ಲಿ ನಿಜವಾಗಲೂ ಇದೆಯಾ? ಅಳೆದವರು ಯಾರು? ಮೂರನೇ ಪ್ರಶ್ನೆಗೆ ಬರುವಷ್ಟರಲ್ಲಿ ತರಗತಿ ಗಪ್‌ಚುಪ್. ಅಳತೆಯ ರೀತಿಯೂ ಆಗಲೇ ಚರ್ಚೆಗೆ ಬರುತ್ತದೆ. ನೊಹ್‌ಕಾಲಿಕಾಯ್ ನೇರವಾಗಿ ಧುಮುಕುತ್ತದೆ, ಕುಂಚಿಕಲ್ ಬಂಡೆಗಳ ಮೇಲೆ ಹಂತ ಹಂತವಾಗಿ ಇಳಿಯುತ್ತದೆ. ಒಂದೇ ನೆಗೆತ ಲೆಕ್ಕಕ್ಕೋ, ಒಟ್ಟು ಇಳಿತವೋ ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ.

ವಿಕಿಪೀಡಿಯ ಪುಟದ ಮೇಲಿರುವ ‘ಇತಿಹಾಸ’ ಮತ್ತು ‘ಚರ್ಚೆ’ಯನ್ನೂ ಒಮ್ಮೆ ತೆರೆಸಿ. ಯಾರು, ಯಾವಾಗ, ಏನು ತಿದ್ದಿದರು ಎಂಬುದು ಅಲ್ಲಿರುತ್ತದೆ. ಇಷ್ಟು ತೆರೆದ ಪುಸ್ತಕ ಬೇರೆ ಸೈಟ್‌ಗಳಲ್ಲಿ ಅಪರೂಪ. ಎಐ ಕೊಡುವ ಉತ್ತರವನ್ನು ಆಧಾರ ಅಂತ ಒಪ್ಪಬೇಡಿ. ಅದು ತೋರಿಸುವ ಲಿಂಕ್‌ಗೂ ಇದೇ ಮೂರು ಪ್ರಶ್ನೆ ಕೇಳಿಸಿ.

ಅಂಕ ಕೊಡುವಾಗ ಜಲಪಾತದ ಹೆಸರಿಗೆ ಒಂದೇ ಅಂಕ ಸಾಕು. ಎಲ್ಲೆಲ್ಲಿ ನೋಡಿದೆ, ಯಾವುದನ್ನು ಯಾಕೆ ಬಿಟ್ಟೆ ಎಂದು ಬರೆದಿದ್ದಕ್ಕೆ ನಾಲ್ಕು ಕೊಡಿ. ಶಾಲೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಪುಟಗಳ ಪ್ರಿಂಟ್ ತೆಗೆದು ಹಂಚಬಹುದು. ಉಲ್ಲೇಖಗಳ ಭಾಗವನ್ನೂ ಪ್ರಿಂಟ್ ಮಾಡಿಸಿ. ಪೇಪರ್ ಉಳಿಸಲು ಹೋಗಿ ಸಾಮಾನ್ಯವಾಗಿ ಬಿಟ್ಟುಬಿಡುವುದು ಅದನ್ನೇ.