ಸೊಪ್ಪಿನ ಬೆಟ್ಟ ಬೋಳಾಗದಂತೆ ಸೊಪ್ಪು ಕಡಿಯುವ ಕ್ರಮ

ಉತ್ತರ ಕನ್ನಡದಲ್ಲಿ ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಬೇಕಾದ ಸೊಪ್ಪು-ದರಕು ತರಲು ಬಿಟ್ಟ ಕಾಡಿನ, ಸವಲತ್ತಿದೆ. ಅದನ್ನು ಮೂರು ಪಾಲು ಮಾಡಿ, ವರ್ಷಕ್ಕೊಂದು ಪಾಲಿನಲ್ಲಿ ಮಾತ್ರ ಸೊಪ್ಪು ಕಡಿಯಿರಿ. ಮತ್ತಿಯಿರಲಿ, ಹೊನ್ನೆಯಿರಲಿ, ತುದಿಯ ಮೂರನೇ ಒಂದು ಭಾಗ ಮುಟ್ಟಬೇಡಿ. ತುದಿ ಹೋದ ಮರದಲ್ಲಿ ಹೂ-ಕಾಯಿ ಕಡಿಮೆ, ಬೀಜವಿಲ್ಲದೆ ಸಸಿ ಎಲ್ಲಿಂದ?

ಪೊಟರೆಯಿರುವ ಒಣಮರ ಸೌದೆಯಲ್ಲ. ಮರಕುಟಿಗ ಕೊರೆದು ಬಿಟ್ಟ ತೂತಿನಲ್ಲಿ ಮುಂದೆ ಮೈನಾ ಗೂಡು ಮಾಡುತ್ತದೆ. ಎಕರೆಗೆ ಇಂಥ ಎರಡು ಮರವಾದರೂ ಉಳಿಸಿ. ಗೋಳಿ, ಅತ್ತಿಗೆ ಕತ್ತಿ ತಾಗಿಸಲೇಬೇಡಿ. ಬೇರೆ ಹಣ್ಣಿಲ್ಲದ ಕಾಲಕ್ಕೆ ಮಂಗಟ್ಟೆ ಹಕ್ಕಿಗಳ ಊಟ ಅಲ್ಲೇ. ದರಕು (ಉದುರಿದ ಒಣ ಎಲೆ) ಪೂರ್ತಿ ಗುಡಿಸಿದರೆ ಮೇಲ್ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ, ಅರ್ಧ ಬಿಡಿ.

ಹಳ್ಳದ ಎರಡೂ ಬದಿ 10 ಮೀಟರ್ ಕಡಿಯದೆ ಬಿಡಿ. ಆ ಪಟ್ಟಿ ಪಕ್ಕದವರ ಬೆಟ್ಟಕ್ಕೂ ಕೂಡಲಿ, ಕೆಂದಳಿಲು ನೆಲಕ್ಕಿಳಿಯದೆ ದಾಟುವಷ್ಟು. ಖಾಲಿ ಜಾಗಕ್ಕೆ ಅಕೇಶಿಯಾ ಬೇಡ; ಜೂನ್‌ನಲ್ಲಿ ಉಪ್ಪಾಗೆ, ಮುರುಗಲು ನೆಡಿ.