ಸಿಗ್ನಲ್ ಫುಲ್ ಇತ್ತು, ನೆಟ್ ಇರಲಿಲ್ಲ

ಮಡಿಕೇರಿ ಸುತ್ತಮುತ್ತಲ ತೋಟಗಳಿಗೆ, ಹೋಂಸ್ಟೇಗಳಿಗೆ ಡಿಶ್ ಕಟ್ಟಿ, ನಮ್ಮ ಟವರ್‌ನಿಂದ ಗಾಳಿಯಲ್ಲೇ ನೆಟ್ ತರುವ ವೈರ್‌ಲೆಸ್ ಲಿಂಕ್ ಹಾಕಿಕೊಡುವುದು ನನ್ನ ಕೆಲಸ. ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಹೋಂಸ್ಟೇಯಿಂದ ಫೋನ್ ಮೇಲೆ ಫೋನ್. "ಡಿಶ್ಶಿನ ಲೈಟೆಲ್ಲ ಫುಲ್ ಉರಿತದೆ, ಸಂಜೆ ಏಳಾದ್ರೆ ನೆಟ್ ಇಲ್ಲ ಅಣ್ಣ. ಗೆಸ್ಟುಗಳು ಬೈತಾರೆ."

ಮೊದಲು ಪವರ್ ಏರಿಸಿ ಬಂದೆ. ಅದು ತಪ್ಪು. ಅದೇ ಚಾನೆಲಿನಲ್ಲಿದ್ದ ಎದುರು ಗುಡ್ಡದ ಹೋಂಸ್ಟೇಯ ಲಿಂಕ್ ಕೆಟ್ಟು, ಅವರೂ ಏರಿಸಿದರು. ಮತ್ತೆ ಅದೇ ಪಾಡು.

ಒಂದು ಶನಿವಾರ ಸಂಜೆ ಲ್ಯಾಪ್‌ಟಾಪ್ ಹಿಡಿದು ಜಗಲಿಯಲ್ಲೇ ಕೂತೆ. ಸಿಗ್ನಲ್ ಮೈನಸ್ 62, ಅಲ್ಲಾಡಲಿಲ್ಲ. ಈ ಲೆಕ್ಕದಲ್ಲಿ ಸೊನ್ನೆಗೆ ಹತ್ತಿರ ಬಂದಷ್ಟೂ ಜೋರು. ಗದ್ದಲ, ಅಂದರೆ ಬೇರೆಯವರ ರೇಡಿಯೋಗಳಿಂದ ಬರುವ ಅಡಚಣೆ, ಮಾತ್ರ ನಾಲ್ಕು ಗಂಟೆಗೆ ಮೈನಸ್ 94 ಇದ್ದದ್ದು ಏಳೂವರೆಗೆ ಮೈನಸ್ 77ಕ್ಕೆ ಬಂತು. ಎರಡರ ನಡುವಿನ 32 ಡಿಬಿ (ಡೆಸಿಬೆಲ್) ಅಂತರ 15ಕ್ಕೆ ಕುಸಿಯಿತು. ಡಿಶ್ಶಿನೊಳಗೆ ಎರಡು ಆಂಟೆನಾ ಇರುತ್ತವೆ, ಒಂದು ನಿಂತದ್ದು, ಒಂದು ಮಲಗಿದ್ದು. ಎರಡರಲ್ಲೂ ಬೇರೆ ಬೇರೆ ಡೇಟಾ ಹೋಗುತ್ತದೆ. ಈ ಅಂತರ ಸಾಲದಿದ್ದರೆ ರೇಡಿಯೋಗೆ ಎರಡನ್ನೂ ಬಿಡಿಸಿ ಓದಲು ಆಗುವುದಿಲ್ಲ, ಒಂದಕ್ಕೇ ಇಳಿಯುತ್ತದೆ. ಡಿಶ್ ಹಿಂದಿನ ಲೈಟುಗಳು ತೋರಿಸುವುದು ಸಿಗ್ನಲ್ ಮಾತ್ರ, ಗದ್ದಲವನ್ನಲ್ಲ.

ಚಾನೆಲ್ ಅಗಲವನ್ನು, ಅಂದರೆ ಲಿಂಕ್ ಬಳಸುವ ತರಂಗಗಳ ಪಟ್ಟಿಯನ್ನು, 80 ಮೆಗಾಹರ್ಟ್ಸ್‌ನಿಂದ 20ಕ್ಕೆ ಇಳಿಸಿದೆ. ಲೆಕ್ಕಕ್ಕೆ ಸ್ಪೀಡ್ ಕಾಲು ಭಾಗವಾಗುತ್ತದೆ, ನಿಜ. ಆದರೆ ಕಿಟಕಿ ಕಿರಿದಾದಷ್ಟೂ ಒಳಗೆ ಬರುವ ಗದ್ದಲ ಕಮ್ಮಿ. ಅಗಲ ಅರ್ಧವಾದಾಗಲೆಲ್ಲ 3 ಡಿಬಿ ಉಳಿಯುತ್ತದೆ.

ಮಾರನೇ ದಿನ ಡಿಶ್ಶನ್ನು ಹೆಂಚಿನ ಮೇಲಿನ ಕಂಬದಿಂದ ಇಳಿಸಿ ಕಾಫಿ ಗೋಡೌನಿನ ಪಕ್ಕದ ಗೋಡೆಗೆ ಕಟ್ಟಿದೆ. ಅಲ್ಲಿಂದ ನಮ್ಮ ಟವರ್ ಕಾಣುತ್ತದೆ, ಎದುರು ಗುಡ್ಡ ಗೋಡೌನಿನ ಮರೆಗೆ ಹೋಗುತ್ತದೆ. ಕ್ಲ್ಯಾಂಪಿನ ಬೋಲ್ಟಿಗೆ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು ಅರ್ಧ ಗಂಟೆ ಕಾದೆ. ಆಮೇಲೆ ಕೂದಲೆಳೆಯಷ್ಟು ತಿರುಗಿಸುವುದು, ಕೆಳಗಿಂದ ಹೋಂಸ್ಟೇ ಹುಡುಗ ನಂಬರ್ ಕೂಗುವುದು. "ಅರವತ್ತಾರು... ಅರವತ್ಮೂರು... ಅರವತ್ತೊಂದು, ಅಲ್ಲೇ ಬಿಡಿ ಅಣ್ಣ!"

ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಎದುರು ಗುಡ್ಡಕ್ಕೆ ಹೋಗಿ ಮಾತಾಡಿದ್ದು. 2018ರಲ್ಲಿ ಕೇಂದ್ರ ಸರ್ಕಾರ ನಮ್ಮ ಡಿಶ್‌ಗಳು ಓಡುವ 5 ಗಿಗಾಹರ್ಟ್ಸ್ ತರಂಗಗಳಲ್ಲಿ 605 ಮೆಗಾಹರ್ಟ್ಸ್ ಜಾಗವನ್ನು ಲೈಸೆನ್ಸ್ ಬೇಡ ಅಂತ ಬಿಟ್ಟುಕೊಟ್ಟಿದೆ. ಅಷ್ಟು ಜಾಗ ಇರುವಾಗ ಎರಡು ಮನೆಯವರು ಒಂದೇ ಚಾನೆಲಿನಲ್ಲಿ ಗುದ್ದಾಡಬೇಕಾ? ಅವರು ಕೆಳಗಿನ ಚಾನೆಲ್, ನಾವು ಮೇಲಿನದು ಅಂತ ಹಂಚಿಕೊಂಡೆವು. ಇಬ್ಬರೂ ಪವರ್ 4 ಡಿಬಿ ಇಳಿಸಿದೆವು. ರೂಮುಗಳ ವೈಫೈಯನ್ನೂ ಒಂದರ ಮೇಲೊಂದು ಬೀಳದ 1, 6, 11ನೇ ಚಾನೆಲ್‌ಗಳಿಗೆ ಹಂಚಿದೆ.

ಮುಂದಿನ ಶನಿವಾರ ಏಳೂವರೆಗೆ ನೋಡಿದೆ: ಸಿಗ್ನಲ್ ಮೈನಸ್ 65, ಗದ್ದಲ ಮೈನಸ್ 90. ಎರಡೂ ಆಂಟೆನಾ ದುಡಿಯುತ್ತಿದ್ದವು. ಸಾಹುಕಾರರು ಡಿಶ್ ಹಿಂದೆ ಬಗ್ಗಿ ನೋಡಿ, "ಒಂದು ಲೈಟ್ ಕಮ್ಮಿ ಉರಿತದಲ್ಲಾ?" ಅಂದರು. ಒಳಗೆ ರೂಮುಗಳಲ್ಲಿ ವಿಡಿಯೋ ನಿಲ್ಲದೆ ಓಡುತ್ತಿತ್ತು.