ಸಾರ್ವಜನಿಕ ಹಣದ ಸಂಶೋಧನೆ ಎಲ್ಲೆಲ್ಲಿ ಹರಡಿದೆ: ಹುಡುಕಿ ನೋಡುವ ಬಗೆ

ಸಾರ್ವಜನಿಕ ಹಣದಲ್ಲಿ ಯಾವ ಯಾವ ಸಂಶೋಧನೆ ನಡೆಯುತ್ತಿದೆ ಎಂದು ನೋಡಲು ಭೌತಶಾಸ್ತ್ರ, ಜೀವಶಾಸ್ತ್ರ, ಇತಿಹಾಸ ಎಂದು ಶಾಸ್ತ್ರಗಳ ಪಟ್ಟಿ ಹಿಡಿದು ಹೊರಟರೆ ಮೊದಲೇ ಗೊತ್ತಿದ್ದದ್ದೇ ಮತ್ತೆ ಸಿಗುತ್ತದೆ. ಬದಲಿಗೆ ಒಂದು ವಸ್ತುವನ್ನು ಆರಿಸಿಕೊಳ್ಳಿ: ಬರ, ಉಪ್ಪು, ನಿದ್ದೆ, ಹಳೆಯ ಹಸ್ತಪ್ರತಿಯ ಚರ್ಮದ ಹಾಳೆ. ಅದರ ಬೆನ್ನು ಹತ್ತಿ ಅನುದಾನದ ಡೇಟಾಬೇಸ್‌ಗಳನ್ನು ಜಾಲಾಡಿ. ಯುರೋಪಿಯನ್ ಒಕ್ಕೂಟಕ್ಕೆ ಕಾರ್ಡಿಸ್, ಜರ್ಮನಿಯ ಸಂಶೋಧನಾ ಅನುದಾನ ಸಂಸ್ಥೆ ಡಿಎಫ್‌ಜಿಗೆ ಗೆಪ್ರಿಸ್, ಬ್ರಿಟನ್ನಿಗೆ ಗೇಟ್‌ವೇ ಟು ರಿಸರ್ಚ್. ಅಮೆರಿಕದಲ್ಲಿ ವೈದ್ಯಕೀಯಕ್ಕೆ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್ ರಿಪೋರ್ಟರ್, ಮೂಲವಿಜ್ಞಾನಕ್ಕೆ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಎನ್‌ಎಸ್‌ಎಫ್‌ನದು. ಇತಿಹಾಸ, ಸಾಹಿತ್ಯದಂಥ ಮಾನವಿಕಗಳಿಗೆ ಅಲ್ಲಿನ ಮಾನವಿಕ ನಿಧಿ ಎನ್‌ಇಎಚ್‌ನ ಪಟ್ಟಿ ಬೇರೆಯೇ ಇದೆ. ಹುಡುಕಲು ದುಡ್ಡು ಬೇಡ.

ಒಂದೇ ಪದ ಸಾಲದು. ವಸ್ತುವಿನ ಹೆಸರು, ಅದು ಯಾವುದರಿಂದ ಆಗಿದೆ, ಯಾವುದಕ್ಕೆ ಬಳಕೆ, ಈ ಮೂರರಿಂದಲೂ ಪದ ತೆಗೆಯಿರಿ. ಚರ್ಮದ ಹಾಳೆಗಾದರೆ ‘ಪಾರ್ಚ್‌ಮೆಂಟ್’, ‘ಕೊಲಾಜನ್’ (ಚರ್ಮದಲ್ಲಿರುವ ಪ್ರೋಟೀನ್), ‘ಹಸ್ತಪ್ರತಿ’ಗಳಿಗೆ ಇರುವ ಇಂಗ್ಲಿಷ್ ಪದಗಳು. ಬರೀ ಕೊಲಾಜನ್ ಎಂದರೆ ಕೀಲುನೋವು, ಚರ್ಮರೋಗಗಳ ರಾಶಿಯೇ ಬಂದು ಬೀಳುತ್ತದೆ. ಪಾರ್ಚ್‌ಮೆಂಟ್ ಎಂದರೆ ಕಾಫಿ ಬೀಜದ ಸಿಪ್ಪೆಯೂ ಬರಬಹುದು! ಎರಡೆರಡು ಪದ ಜೋಡಿಸಿ ಕೊಡಿ.

ಈ ಉದಾಹರಣೆಯನ್ನು ಸುಮ್ಮನೆ ಆರಿಸಿದ್ದಲ್ಲ. ಹಸ್ತಪ್ರತಿಯ ಪುಟವನ್ನು ಶುಚಿ ಮಾಡಲು ಸಂರಕ್ಷಕರು ಪಿವಿಸಿ ರಬ್ಬರಿನಿಂದ ಮೆಲ್ಲಗೆ ಉಜ್ಜುತ್ತಾರೆ. ಆ ರಬ್ಬರಿನ ಪುಡಿಗೆ ಅಂಟಿ ಬಂದ ಕೊಲಾಜನ್ನನ್ನು ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಟ್ಟರೆ ಹಾಳೆ ಕುರಿಯದೋ ಮೇಕೆಯದೋ ಕರುವಿನದೋ ತಿಳಿಯುತ್ತದೆ. ಕಸದ ಬುಟ್ಟಿಗೆ ಹೋಗುತ್ತಿದ್ದ ಒಂದು ಚಿಟಿಕೆ ಪುಡಿಯಲ್ಲಿ ಪ್ರೋಟೀನ್ ರಸಾಯನಶಾಸ್ತ್ರ, ಪಶುಸಾಕಣೆಯ ಇತಿಹಾಸ, ಗ್ರಂಥಸಂಪಾದನೆ ಮೂರೂ ಇವೆ. ಇಂಥ ಯೋಜನೆ ಡೇಟಾಬೇಸಿನಲ್ಲಿ ಯಾವುದೋ ಒಂದೇ ತಲೆಬರಹದ ಕೆಳಗೆ ಕುಳಿತಿರುತ್ತದೆ. ಯುರೋಪಿನ ಸಂಶೋಧನಾ ಮಂಡಳಿ ಇಆರ್‌ಸಿಯಲ್ಲಿ ಅರ್ಜಿಗಳನ್ನು ವಿಷಯವಾರು ಪರಿಶೀಲಿಸುವ 28 ಸಮಿತಿಗಳಿದ್ದರೂ ಅರ್ಜಿಯ ಮುಖ್ಯ ಸಮಿತಿ ಒಂದೇ. ಆದ್ದರಿಂದ ವಿಷಯದ ಫಿಲ್ಟರನ್ನು ಮೊದಲೇ ಹಾಕಬೇಡಿ.

ಸಿಕ್ಕಿದ್ದನ್ನು ಸ್ಪ್ರೆಡ್‌ಶೀಟಿಗೆ ಇಳಿಸಿ: ಯೋಜನಾ ಸಂಖ್ಯೆ, ಶೀರ್ಷಿಕೆ, ಅನುದಾನ ಕೊಟ್ಟವರು, ಆರಂಭ, ಮುಕ್ತಾಯ, ಮೊತ್ತ, ಕರೆನ್ಸಿ. 60ರಿಂದ 80 ಸಾಲು ಸಾಕು, ಆದರೆ ಪ್ರತಿಯೊಂದರ ಸಾರಾಂಶ ಓದಲೇಬೇಕು. ಶೀರ್ಷಿಕೆ ನಂಬಿದವರು ಕೆಟ್ಟರು. ವರ್ಗೀಕರಣಕ್ಕೆ ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆ ಒಇಸಿಡಿಯ ಫ್ರಾಸ್ಕಾಟಿ ಕೈಪಿಡಿಯ ಆರು ವಿಭಾಗಗಳನ್ನು ಬಳಸಿ: ನಿಸರ್ಗವಿಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ ಮತ್ತು ಪಶುವೈದ್ಯಕೀಯ, ಸಮಾಜವಿಜ್ಞಾನ, ಮಾನವಿಕ ಮತ್ತು ಕಲೆ. ಒಂದು ಸಾಲಿಗೆ ಎರಡು ವಿಭಾಗ ಕೊಡಲು ಜಾಗವಿರಲಿ.

ಲೆಕ್ಕ ಕೆಡುವುದು ಹೆಚ್ಚಾಗಿ ಎರಡು ಕಡೆ. ಎನ್‌ಐಎಚ್‌ನಲ್ಲಿ ಒಂದೇ ಯೋಜನೆಗೆ ವರ್ಷಕ್ಕೊಂದು ದಾಖಲೆ ಇರುತ್ತದೆ. ಸಂಖ್ಯೆಯ ಮೊದಲ ಅಂಕಿ 1 ಆಗಿದ್ದರೆ ಹೊಸದು, 5 ಆಗಿದ್ದರೆ ಮುಂದುವರಿದದ್ದು. ಅಡ್ಡಗೆರೆಯ ನಂತರದ 03 ಎಂದರೆ ಮೂರನೆಯ ವರ್ಷ. ನಡುವಿನ ಭಾಗ ಒಂದೇ ಆದರೆ ಯೋಜನೆಯೂ ಒಂದೇ, ಒಟ್ಟು ಸೇರಿಸಿ. ಕಾರ್ಡಿಸ್‌ನಿಂದ ಇಳಿಸಿದ ಕಡತಗಳಲ್ಲಿ ಯೋಜನೆಗಳ ಪಟ್ಟಿ ಬೇರೆ, ಸಂಸ್ಥೆಗಳ ಪಟ್ಟಿ ಬೇರೆ. ಎರಡನ್ನೂ ಜೋಡಿಸಿ ಯೋಜನೆಯ ಮೊತ್ತ ಕೂಡಿದರೆ, ಹತ್ತು ಪಾಲುದಾರರಿದ್ದಲ್ಲಿ ಅದೇ ಹಣ ಹತ್ತು ಸಲ ಎಣಿಕೆಯಾಗುತ್ತದೆ.

ಸಂಶೋಧನೆಯ ಹರವನ್ನು ಹಣದಿಂದ ಅಳೆಯಬೇಡಿ, ಯೋಜನೆಗಳ ಎಣಿಕೆಯಿಂದ ಅಳೆಯಿರಿ. ಪ್ರಯೋಗಾಲಯಕ್ಕೆ ಉಪಕರಣ ಬೇಕು. ಇತಿಹಾಸಕಾರರಿಗೆ ಹೆಚ್ಚಾಗಿ ಬೇಕಾದದ್ದು ಸಂಬಳ ಮತ್ತು ಸಮಯ. ಮೊತ್ತದ ಚಾರ್ಟಿನಲ್ಲಿ ಮಾನವಿಕಗಳು ಗೆರೆಯಷ್ಟು ತೆಳ್ಳಗಾಗುತ್ತವೆ. ಅವುಗಳ ಎಷ್ಟೋ ಕೆಲಸ ಅಧ್ಯಾಪಕರ ಸಂಬಳದಲ್ಲೇ ನಡೆಯುವುದರಿಂದ ಅನುದಾನದ ಪಟ್ಟಿಗೆ ಬರುವುದೇ ಇಲ್ಲ. ಆರಂಭದ ವರ್ಷದ ಫಿಲ್ಟರೂ ಮೋಸ ಮಾಡೀತು: ಮ್ಯೂನಿಕ್‌ನಲ್ಲಿ ತಯಾರಾಗುತ್ತಿರುವ ಲ್ಯಾಟಿನ್ ನಿಘಂಟು ‘ಥೆಸಾರಸ್ ಲಿಂಗ್ವೇ ಲ್ಯಾಟಿನೇ’ಯ ಕೆಲಸ ಶುರುವಾದದ್ದು 1894ರಲ್ಲಿ, ಇನ್ನೂ ಮುಗಿದಿಲ್ಲ.

ಮೊತ್ತ ಸಿಗದಿದ್ದರೆ ಆ ಕೋಶ ಖಾಲಿ ಬಿಡಿ. ಸೊನ್ನೆ ಹಾಕಿದರೆ ಸರಾಸರಿ ಸದ್ದಿಲ್ಲದೆ ಕುಸಿಯುತ್ತದೆ.